ಡೀಸೆಲ್ ಕಲೆಯೂ ಕಬ್ಬಾಳಮ್ಮನ ಆಣೆಯೂ

ಆಸ್ತಿ ಪಾಲಾದ ಮೇಲೆ ನನಗೂ ಅಣ್ಣನಿಗೂ ಮಾತಿಲ್ಲ. ಮನೆಯ ನಡುವೆ ಗೋಡೆ ಎದ್ದಿತು. ಹಳೇ ಡೀಸೆಲ್ ಕಾರಿನ ನಡುವೆ ಗೋಡೆ ಕಟ್ಟಲಾಗದೆ, ಅವನಿಗೊಂದು ವಾರ ನನಗೊಂದು ವಾರ ಎಂದು ಹಿರಿಯರು ಹೇಳಿ ಕೈತೊಳೆದುಕೊಂಡರು. ನನ್ನ ವಾರದಲ್ಲಿ ಅದು ಬೆಳಿಗ್ಗೆ ಸ್ಟಾರ್ಟೇ ಆಗುತ್ತಿರಲಿಲ್ಲ. ರಾಮನಗರದ ಮಾರ್ಕೆಟ್ಟಿಗೆ ಹೊರಟ ರೇಷ್ಮೆಗೂಡು ಹಿಂದೆ ಬೇಯುತ್ತಿತ್ತು, ನಾನು ಮುಂದೆ. ಅವನ ವಾರದಲ್ಲಿ ಮಾತ್ರ ಒಂದೇ ಸಲಕ್ಕೆ ಗುರ್ ಎನ್ನುತ್ತಿತ್ತು. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಒಂದು ದಿನ ಅವನ ಅಂಗಳದ ಕಲ್ಲಿನ ಮೇಲೆ ಡೀಸೆಲ್ ಕಲೆ ಕಂಡೆ. ಅಷ್ಟು ಸಾಕಾಯಿತು. ನನ್ನ ಸರದಿ ಬರುವ ಮುಂಚೆ ಡೀಸೆಲ್ ಕದ್ದು, ಪೈಪು ಸಡಿಲಿಸಿ ಕಳಿಸುತ್ತಾನೆ ಎಂದುಕೊಂಡೆ. ಬೀದಿಯಲ್ಲಿ ನಿಂತು, ನಾಲ್ಕು ಜನ ಕೇಳುವಂತೆ ಕೂಗಿದೆ: “ಕಳ್ಳ ನೀನು! ಅಲ್ಲ ಅಂದ್ರೆ ಕಬ್ಬಾಳಮ್ಮನ ಮುಂದೆ ಆಣೆ ಮಾಡು.”

“ಮಾಡ್ತೀನಿ ಕಣ್ಲಾ. ಶುಕ್ರವಾರ ಕಬ್ಬಾಳು ಗುಡಿಗೆ ನೀನೂ ಬಾ,” ಅಂದ ಅಣ್ಣ.

ಅದು ಅವನ ವಾರ. ಕಾರು ಅವನೇ ಓಡಿಸಿದ. ಕನಕಪುರದಲ್ಲಿ ಒಂದು ಏರಿನ ಮೇಲೆ ಮೂತಿ ಮೇಲಾಗಿ ನಿಲ್ಲಿಸಿದ. ಒಂದೇ ಹೋಟೆಲಿನಲ್ಲಿ ಬೇರೆ ಬೇರೆ ಮೇಜಿಗೆ ಕೂತು ತಿಂಡಿ ತಿಂದೆವು. ಅವನು ಕಾಯಿ ಕರ್ಪೂರ ಕೊಂಡು ಬಂದು ಕೀ ತಿರುಗಿಸಿದರೆ, ಕಾರು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ನನಗೆ ಖುಷಿಯಾಯಿತು, ಮುಚ್ಚಿಡಲೂ ಇಲ್ಲ.

ಎದುರಿನ ಶೆಡ್ಡಿನಿಂದ ಮುದಿ ಮೆಕ್ಯಾನಿಕ್ ಬಂದ. ಫಿಲ್ಟರಿನಿಂದ ಪಂಪಿಗೆ ಹೋಗುವ ಕರಿ ಪೈಪು ಬಿಚ್ಚಿ, ಆಸ್ಪತ್ರೆಯ ಗ್ಲೂಕೋಸ್ ಪೈಪಿನಂಥದ್ದನ್ನು ಸಿಕ್ಕಿಸಿದ. ಇಂಜಿನ್ ತಿರುಗಿಸಿದಾಗ ಡೀಸೆಲ್ ಜೊತೆ ಗುಳ್ಳೆಗಳು ಓಡಿದವು. ಫಿಲ್ಟರಿಗೆ ಬರುವ ಪೈಪನ್ನು ಬೆರಳಿಂದ ಅಲ್ಲಾಡಿಸಿದ. ಗುಳ್ಳೆ ಹೆಚ್ಚಾಯಿತು.

“ಮೂತಿ ಮೇಲಾದ್ರೆ ಇಲ್ಲಿ ಗಾಳಿ ಎಳ್ಕೊಂಡು ಡೀಸೆಲ್ ವಾಪಸ್ ಟ್ಯಾಂಕಿಗೆ ಓಯ್ತದೆ. ಮೂತಿ ಕೆಳಗಾದ್ರೆ ಇಲ್ಲೇ ತೊಟ್ಟಿಕ್ತದೆ. ಕ್ಲಿಪ್ ಆಕೋ ಜಾಗಕ್ಕೆ ತಂತಿ ಸುತ್ತವ್ನೆ, ಯಾವ ಬಡ್ಡಿಮಗ?”

ಕಾರು ನಿಲ್ಲುವುದು ನನ್ನ ಅಂಗಳದಲ್ಲಿ ಮೂತಿ ಮೇಲಾಗಿ, ಅವನದರಲ್ಲಿ ಮೂತಿ ಕೆಳಗಾಗಿ. ತಂತಿ ಸುತ್ತಿದ್ದು ನಾನು. ಪಾಲಾಗುವ ಮುಂಚೆ, ಹಾರೋಹಳ್ಳಿ ರಸ್ತೆಯಲ್ಲಿ ಕ್ಲಿಪ್ ಮುರಿದಾಗ. ಅಣ್ಣ ಆಗ ಪಕ್ಕದಲ್ಲೇ ನಿಂತಿದ್ದ. ಈಗಲೂ ನಿಂತಿದ್ದ, ನನ್ನನ್ನೇ ನೋಡುತ್ತ.

“ಬುಡು ಅಣ್ಣ, ಸಿಕ್ತಲ್ಲ. ಮನೆಗೆ ಓಗವ,” ಅಂದೆ.

“ಗಾಳಿ ಓಗೋ ಜಾಗ ಸಿಕ್ತು. ನೀನು ಕಳ್ಳ ಅಂದಿದ್ದು ಇನ್ನೂ ಬೀದೀಲೇ ಐತೆ.”

ಹೊಸ ಕ್ಲಿಪ್ ಹಾಕಿಸಿಕೊಂಡು ಕಬ್ಬಾಳಿಗೇ ಹೋದೆವು. ಅಂಗೈ ಮೇಲೆ ಕರ್ಪೂರ ಉರಿಸಿ ಅಣ್ಣ ಆಣೆ ಮಾಡಿದ. ಬೇಡ ಎಂದು ನಾನು ಆ ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ, ಅದಕ್ಕೆ ನನ್ನ ಮೇಲೆ ನನಗೇ ಅಸಹ್ಯವಿದೆ.

ಸಂಜೆ ಕಾರನ್ನು ನನ್ನ ಅಂಗಳದಲ್ಲಿ ನಿಲ್ಲಿಸಿ, ಕೀಯನ್ನು ಗೋಡೆಯ ಮೇಲಿಟ್ಟು ಹೋದ. ಅವನ ವಾರ ಮತ್ತೆ ಬರಲಿಲ್ಲ. ಗೂಡಿನ ಚೀಲ ಹೊತ್ತು ಬಸ್ಸಿಗೆ ಕಾಯುತ್ತಾನೆ. ಕಾರು ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೂ ದಿನಾ ಬೆಳಿಗ್ಗೆ ಅದನ್ನು ನ್ಯೂಟ್ರಲ್ಲಿನಲ್ಲಿ ಹಿಂದಕ್ಕೆ ಉರುಳಿಸಿ, ಬೀದಿಯ ಕೊನೆಯವರೆಗೆ ತಳ್ಳಿಕೊಂಡು ಹೋಗಿ, ಅವನಿಗೆ ಕೇಳದಷ್ಟು ದೂರದಲ್ಲಿ ಕೀ ತಿರುಗಿಸುತ್ತೇನೆ.