ತೆರಿಗೆ ಅಧಿಕಾರಿಯಾಗಿ ನನ್ನ ಎರಡು ನಿಮಿಷ

ಮಹಾಜನರೇ, ಇವತ್ತು ಬೆಳಿಗ್ಗೆ ಪಾಂಡವಪುರ ಬಸ್ ಸ್ಟ್ಯಾಂಡಿನಲ್ಲಿ ನಾನು ಆದಾಯ ತೆರಿಗೆ ಅಧಿಕಾರಿಯಾಗಿ ಅಧಿಕಾರ ಸ್ವೀಕರಿಸಿದೆ. ಗೆಳೆಯನ ಫೋನಿಂದ ಜವರಣ್ಣನಿಗೆ ಕರೆ ಮಾಡಿ ಸ್ಪೀಕರ್ ಹಾಕಿದೆ. ನಮ್ಮೂರ ಗುಡ್ಡ ಒಡೆಯುವ ಕ್ವಾರಿ ಮೇಲೆ ಕೇಸು ಹಾಕಿರುವವನು ಇದೇ ಜವರಣ್ಣ. ವಕೀಲರ ಫೀಸಿಗೆಂದು ಊರವರು ಗುಟ್ಟಾಗಿ ಅವನ ಖಾತೆಗೆ ದುಡ್ಡು ಹಾಕಿದ್ದಾರೆ.

"ನಿಮಗೆ ಬಂದ ದೇಣಿಗೆಗೆ ತೆರಿಗೆ ಕಟ್ಟಿದ್ದೀರಾ?" ಎಂದೆ, ಧ್ವನಿ ದಪ್ಪ ಮಾಡಿಕೊಂಡು.

"ಕಟ್ಬೇಕು ಅಂತ ಗೊತ್ತಿರ್ನಿಲ್ಲ ಸಾ. ಎಷ್ಟಾಯ್ತದೆ?"

ಗೆಳೆಯರು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದರು. ನಾನು ಬಿಡಲಿಲ್ಲ. "ಕೊಟ್ಟವರ ಹೆಸರು ಹೇಳಿ."

"ಅದೊಂದ್ ಕೇಳ್ಬೇಡಿ ಸಾ. ಅವ್ರು ಆ ಕ್ವಾರಿ ಪಕ್ಕದಲ್ಲೇ ಬದುಕ್ಬೇಕು. ತೆರಿಗೆ, ದಂಡ ಎಲ್ಲಾ ನನ್ ಮೇಲೇ ಹಾಕಿ. ಎಮ್ಮೆ ಅದೆ, ಮಾರಿ ಕಟ್ತೀನಿ."

ನಗು ನಿಂತುಹೋಯಿತು.

"ಅಣ್ಣ, ನಾನು ಕಣಣ್ಣ, ಕಿರಣ."

"ಜೀವ ಬಾಯಿಗ್ ಬಂದಿತ್ತು ಕಣ್ಲಾ," ಅಂದ. ಬಯ್ಯಲಿಲ್ಲ. "ಅಲ್ಲ, ನೀನು ಬಿಕಾಂ ಓದ್ದೋನಲ್ವಾ, ನಿಜವಾಗ್ಲೂ ತೆರಿಗೆ ಬೀಳ್ತದಾ?"

ನನಗೆ ಗೊತ್ತಿರಲಿಲ್ಲ. ಊರಿಗೆ ಹೋಗಿ, ಅವನನ್ನು ಬೈಕಲ್ಲಿ ಕೂರಿಸಿಕೊಂಡು ಶ್ರೀರಂಗಪಟ್ಟಣದ ಆಡಿಟರ್ ಹತ್ತಿರ ಕರೆದುಕೊಂಡು ಬಂದೆ.

ತೆರಿಗೆ ಕೇಳಿ ಅಧಿಕಾರಿಯ ಫೋನ್ ಬಂದಿತ್ತು ಎಂದಷ್ಟೇ ಜವರಣ್ಣ ಹೇಳಿದ. ಆಡಿಟರ್ ಕೇಳಿಸಿಕೊಂಡು, "ಫೋನ್ ಮಾಡಿದ ಅಧಿಕಾರಿ ಯಾರು? ಹೆಸರು ಹೇಳಿ, ವಿಚಾರಿಸೋಣ," ಎಂದರು.

ಜವರಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಹೆಸ್ರು ಬ್ಯಾಡ ಬುಡಿ ಸಾ. ಇನ್ನೂ ಚಿಕ್ ವಯಸ್ಸು, ಕೆಲ್ಸ ಹೊಸ್ದು."

ಸದರಿ ಅಧಿಕಾರಿ ಸದ್ಯ ಆಡಿಟರ್ ಆಫೀಸಿನ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದಾನೆ. ಅವನಿಗೆ ಅದೇ ಸರಿಯಾದ ಹುದ್ದೆ.