ಬಿಸಿಲಿಗಿಟ್ಟ ಬಾಟಲಿ

ಅವಳ ಮುತ್ತಜ್ಜ ಬಾವಿ ತೋಡುವವನು. ನೀರು ಉಕ್ಕಿದ ದಿನ ಮೊದಲ ಬೊಗಸೆ ತಾನೇ ಕುಡಿಯುವನು. ನಾಲಿಗೆಗೆ ಸವುಳು ಹತ್ತಿತೋ, ಕೂಲಿ ಮುಟ್ಟದೆ ಹಾರೆ ಹೆಗಲಿಗೇರಿಸಿ ನಡೆದುಬಿಡುವನು. ಅವನ ಮಗಳು ಹಾಲಿನ ಡೈರಿಯಲ್ಲಿ ಮೂಗಿನಿಂದಲೇ ಹಾಲು ಪರೀಕ್ಷಿಸಿದವಳು. ಆ ಅಜ್ಜಿ ಮೂಗು ಮುರಿದಳೆಂದರೆ ಕ್ಯಾನು ವಾಪಸ್ಸು, ತಂದವನು ಒಡಹುಟ್ಟಿದ ಅಣ್ಣನಾದರೂ ಸರಿಯೇ. ಅಂಥವರ ಮನೆಯ ಹುಡುಗಿ ಓದಿ ಕಣ್ಣು ಪರೀಕ್ಷಿಸುವವಳಾದಳು.

ಕತ್ತಲೆ ಕೋಣೆಯಲ್ಲಿ ಜನರ ಮುಖದ ಹತ್ತಿರ ಮುಖವಿಟ್ಟು, ಗಾಜು ಬದಲಿಸುತ್ತ, "ಇದು ಸ್ಪಷ್ಟವೋ, ಅದೋ?" ಎಂದು ಕೇಳುವುದು ಕೆಲಸ. ದಿನವಿಡೀ ಅಷ್ಟು ಮಂದಿಯ ಉಸಿರು ಕೆನ್ನೆಗೆ ತಾಗಿದರೂ ಸಂಜೆ ಬಾಡಿಗೆ ಕೋಣೆಯ ಬೀಗ ತೆಗೆದರೆ ಮಾತಾಡಿಸಲು ಫ್ರಿಜ್ಜಿನ ಗುರುಗುರು ಒಂದೇ.

ಒಮ್ಮೆ ಕನ್ನಡಕಕ್ಕೆಂದು ಬಂದ ವೈನ್ ಅಂಗಡಿಯ ಯಜಮಾನರು ನಕ್ಕರು. "ಇದೋ ಅದೋ ಅಂತ ಎಷ್ಟು ಕೇಳ್ತೀಯಮ್ಮ? ಶನಿವಾರ ಸಂಜೆ ನಮ್ಮ ಅಂಗಡಿಗೆ ಬಾ. ಅಲ್ಲೂ ಇದೇ ಕೆಲಸ, ಕುಡಿಯೋಕೂ ಸಿಗತ್ತೆ."

ಹೋದಳು. ಅಂಗಡಿಯ ಹಿಂಭಾಗದಲ್ಲಿ ಬೋರಲು ಹಾಕಿದ ಮರದ ಪೆಟ್ಟಿಗೆಯೇ ಮೇಜು. ಸುತ್ತ ಯಜಮಾನರು, ನಿವೃತ್ತ ರೈಲು ಚಾಲಕರೊಬ್ಬರು, ಎದುರು ಬೀದಿಯ ದರ್ಜಿ ಅಕ್ಕ. ಸರದಿಯಂತೆ ಒಬ್ಬೊಬ್ಬರು ಬಾಟಲಿ ತರಬೇಕು. ತಂದವರು ಬಾಯಿ ಬಿಡುವ ತನಕ ಉಳಿದವರು ಅದರ ಬಗ್ಗೆ ತುಟಿ ಪಿಟಕ್ಕೆನ್ನುವಂತಿಲ್ಲ. ಅದು ಆ ಮೇಜಿನ ಕಟ್ಟು.

ಅಜ್ಜಿಯ ಮೂಗು ಮೊಮ್ಮಗಳಲ್ಲಿ ಮಲಗಿತ್ತು, ಎದ್ದಿತು. ಒಂದು ಲೋಟದಲ್ಲಿ ಒದ್ದೆ ಕಲ್ಲಿನ ವಾಸನೆ, ಇನ್ನೊಂದರಲ್ಲಿ ಹೊಸ ಚರ್ಮದ ಚಪ್ಪಲಿಯದು. ವೈನಿನ ಹುಚ್ಚು ಹಿಡಿಯಿತು. ತೆಳು ಲೋಟಗಳು ಬಂದವು, ಪುಸ್ತಕಗಳು ಬಂದವು, ಮಂಚದಡಿ ಬಾಟಲಿಗಳು ಮಲಗಿದವು. ಸಂಬಳ ಬಂದ ದಾರಿಯಲ್ಲೇ ಹೋಯಿತು. ಬಸ್ಸು ಬಿಟ್ಟು ನಡೆದಳು. ಮಧ್ಯಾಹ್ನದ ಊಟ ಬರೀ ಬ್ರೆಡ್ಡಾಯಿತು.

"ಆ ದುಡ್ಡಲ್ಲಿ ಒಂದು ಸೋಫಾ ಬರ್ತಿತ್ತಲ್ಲೇ," ಎಂದರು ಚಿಕ್ಕಮ್ಮ ಫೋನಿನಲ್ಲಿ.

"ಸೋಫಾ ಮಾತಾಡಲ್ಲ ಚಿಕ್ಕಮ್ಮ."

"ಬಾಟಲಿ ಮಾತಾಡತ್ತಾ?"

"ಬಾಟಲಿ ತೆಗೆದರೆ ಎದುರು ಕೂತವರು ಮಾತಾಡ್ತಾರೆ."



ಮೂವರನ್ನೂ ಒಮ್ಮೆ ತನ್ನ ಕೋಣೆಗೇ ಕರೆಯುವ ಆಸೆಯಾಯಿತು. ಬರಿಗೈಲಿ ಕರೆಯುವುದು ಹೇಗೆ? ಹೊಟ್ಟೆ ಬಟ್ಟೆ ಕಟ್ಟಿ, ತನ್ನ ಯೋಗ್ಯತೆಗೆ ಮೀರಿದ ಹಳೆಯದೊಂದು ಬಾಟಲಿ ತಂದಳು. ವೈನನ್ನು ಕತ್ತಲಲ್ಲಿ ಮಲಗಿಸಿಡಬೇಕೆಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಕಣ್ಣಿನ ಕಸುಬಿನವಳು. ಬೆಳಕು ಹಾಯಿಸಿ ನೋಡದೆ ಜೀವ ತಡೆಯಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದಳು. ಬಿಸಿಲು ಬಿದ್ದಾಗ ಗೋಡೆಯ ಮೇಲೆ ಕೆಂಪು ಬೆಳಕು ಆಡುತ್ತಿತ್ತು. ಬೇಸಿಗೆ ಪೂರ್ತಿ ಅದನ್ನೇ ನೋಡುತ್ತ ಕೂತಳು.

ಕರೆದ ಸಂಜೆ ಮೂವರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಬಿರಡೆ ಪುಡಿಯಾಗಿ ಬಂತು. ಲೋಟ ಮೂಗಿಗೆ ಹಿಡಿದಳು. ಹುಳಿ ಘಾಟು. ಅಷ್ಟರಲ್ಲಿ ಮೂವರೂ ಗುಟುಕು ತೆಗೆದುಕೊಂಡಾಗಿತ್ತು. ದರ್ಜಿ ಅಕ್ಕ ಮೇಜುಬಟ್ಟೆಯ ಹೊಲಿಗೆ ನೋಡತೊಡಗಿದಳು. ಚಾಲಕರು ಕೆನ್ನೆ ಉಬ್ಬಿಸಿಕೊಂಡು ಸೂರು ದಿಟ್ಟಿಸಿದರು. ತಂದವಳೇ ಮೊದಲು ಬಾಯಿ ಬಿಡಬೇಕು, ಕಟ್ಟು ಕಟ್ಟೇ. ಚೆನ್ನಾಗಿದೆ ಎಂದುಬಿಟ್ಟರೆ ತಲೆಯಾಡಿಸುತ್ತಾರೆ. ಹಾಳಾಗಿದೆ ಎಂದರೆ? ಇನ್ನೊಮ್ಮೆ ಈ ಮೆಟ್ಟಿಲು ಯಾಕೆ ಹತ್ತುತ್ತಾರೆ?

"ಕೆಟ್ಟಿದೆ," ಎಂದಳು. "ನಾನೇ ಕೆಡಿಸಿದೆ. ಬಣ್ಣ ನೋಡೋ ಚಟಕ್ಕೆ ಬಿಸಿಲಿಗಿಟ್ಟೆ."

ಚಾಲಕರು ಬಚ್ಚಲಿಗೆ ಓಡಿ ಉಗುಳಿ ಬಂದರು. "ಬದುಕಿದೆ ತಾಯಿ. ಇನ್ನೊಂದು ಗಳಿಗೆ ತಡ ಮಾಡಿದ್ರೆ ನುಂಗಿಬಿಡ್ತಿದ್ದೆ."

"ನಾನು ನುಂಗಿಯೇ ಬಿಟ್ಟೆ," ಎಂದಳು ದರ್ಜಿ ಅಕ್ಕ. "ಊರಿಗೆಲ್ಲ ಕಣ್ಣು ನೋಡೋಳು, ಕಣ್ಣಿಂದಲೇ ಕೆಟ್ಟಳು."

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಮಂಚದಡಿಯಿಂದ ಅಗ್ಗದ್ದೊಂದು ಬಾಟಲಿ ಬಂತು, ಮೊಟ್ಟೆ ಬೆಂದಿತು. ಇರುವುದು ಎರಡೇ ಕುರ್ಚಿ. ಚಾಲಕರು ಬಕೆಟ್ ಬೋರಲು ಹಾಕಿಕೊಂಡು ಕೂತರು. ಏಳುವ ಮನಸ್ಸು ಯಾರಿಗೂ ಇರಲಿಲ್ಲ.

ಹೊರಟಾಗ ಯಜಮಾನರು ಬಾಗಿಲಲ್ಲಿ ದನಿ ತಗ್ಗಿಸಿದರು. "ಇದೇ ವೈನು ನನ್ನ ಹತ್ತಿರ ಇನ್ನೊಂದಿದೆ. ನಾಳೆ ಬಂದು ತಗೊಂಡು ಹೋಗಮ್ಮ. ದುಡ್ಡಿನ ಮಾತು ಬೇಡ."

"ಬೇಡ ಯಜಮಾನ್ರೇ," ಎಂದಳು. "ಆ ಹಾಳು ಹುಳಿ ಬಾಯಿಗೆ ಬಿದ್ದ ಮೇಲೂ, ನಾನು ಹೇಳೋ ತನಕ ನೀವು ಮೂರು ಜನ ಕಾದ್ರಲ್ಲ, ನನಗೋಸ್ಕರ ಅಷ್ಟು ಹೊತ್ತು ಯಾರೂ ಕಾದಿರಲಿಲ್ಲ. ಕೊಟ್ಟ ದುಡ್ಡಿಗೆ ಅದೇ ಜಾಸ್ತಿ ಆಯ್ತು. ನಿಮ್ಮದು ನಿಮ್ಮಲ್ಲೇ ಇರಲಿ."