ಬೆಲ್ಲಿನ ಮುಚ್ಚಳ

ಆ ಶುಕ್ರವಾರ ಅಣ್ಣ ಅಡುಗೆಕೋಣೆಯ ಸಿಂಕಿನ ಎದುರು ನಿಂತು ಸೈಕಲ್ ಬೆಲ್ಲಿನ ಮುಚ್ಚಳವನ್ನು ಹುಣಸೆಹುಳಿಯಿಂದ ತಿಕ್ಕುತ್ತಿದ್ದ. ಮೇಲಿನ ಬಿಳಿ ಹೊಳಪು ಹೋಗಿ ಒಳಗಿನ ಹಿತ್ತಾಳೆ ಕಾಣುತ್ತಿತ್ತು.

"ಹುಳಿ ಪೂರಾ ಅದಕ್ಕೆ ಹಾಕಿದ್ರೆ ಮೀನಿಗೆ ಎಂತ ಹಾಕುದು?" ಎಂದೆ.

"ಗ್ರೀಸ್ ಹಾಕು ಮಾರಾಯ. ನಿನ್ನ ಸಾರಿಗೆ ಸ್ವಲ್ಪವಾದ್ರೂ ರುಚಿ ಬರ್ತದೆ."

ಗಲ್ಫಿನ ಗುದೈಬಿಯಾದ ಆ ಒಂದು ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅಣ್ಣ ನನಗಿಂತ ಹತ್ತು ವರ್ಷ ಮೊದಲು ಬಂದವನು. ಆಗ ಲಾಂಡ್ರಿಯ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸಿದ್ದು ಇದೇ ಸೈಕಲ್ಲಿನಲ್ಲಿ. ಲಾಂಡ್ರಿ ಮುಚ್ಚಿದಾಗ ಎಸೆಯಲು ಇಟ್ಟಿದ್ದನ್ನು ಕೇಳಿ ತಂದ. ಎರಡು ತಿಂಗಳು ರಜೆಯ ದಿನಗಳಲ್ಲಿ ತುಕ್ಕು ಉಜ್ಜಿದ, ಕಪ್ಪು ಬಣ್ಣ ಬಳಿದ. ಬಿಚ್ಚಿದ ಭಾಗಗಳನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ನೆಲದ ಮೇಲೆ ಪೇಪರು ಹಾಸಿ ಸಾಲಾಗಿ ಇಟ್ಟಿದ್ದ. ಮೊದಲು ಬಿಚ್ಚಿದ್ದು ಬೆಲ್ಲು.

"ಕಡೆಯಿಂದ ಹಿಂದೆ ಬಂದ್ರೆ ಆಯ್ತು. ಬೆಲ್ಲು ಕೊನೆಗೆ. ಅದು ಹೊಡೆದ್ರೆ ಕೆಲಸ ಮುಗೀತು" ಎಂದು, ಉಜ್ಜಿದ ಮುಚ್ಚಳ ಕಪ್ಪಾಗದಿರಲೆಂದು ಕಾಲುಚೀಲದೊಳಗೆ ಹಾಕಿ ಕಿಟಕಿಯಲ್ಲಿಟ್ಟ.

ಮರುದಿನ ಅದ್ಲಿಯಾದಲ್ಲಿ ಕೆಲಸದ ಜಾಗದಲ್ಲೇ ಅವನ ಎದೆಬಡಿತ ನಿಂತಿತು. ನನ್ನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆ ಹೋಗಿತ್ತು. ಶವಪೆಟ್ಟಿಗೆಯಲ್ಲಿ ಅವನೊಬ್ಬನೇ ಊರಿಗೆ ಹೋದ.

ಅವನ ಬಟ್ಟೆಬರೆಗಳನ್ನು ಕಾರ್ಗೋ ಪೆಟ್ಟಿಗೆಗೆ ತುಂಬಿದವನು ನಾನು. ಊರಿಗೆ ಪೆಟ್ಟಿಗೆ ಕಟ್ಟುವಾಗ ನಾವು ಶೂಗಳ ಒಳಗೂ ಖಾಲಿ ಜಾಗ ಬಿಡುವುದಿಲ್ಲ. ಸೋಪು, ಮುಲಾಮು, ಕಾಲುಚೀಲ, ಕೈಗೆ ಸಿಕ್ಕಿದ್ದನ್ನು ತುರುಕುತ್ತೇವೆ. ಅಣ್ಣನೇ ಕಲಿಸಿದ್ದು. ಅಂದು ನನ್ನ ಕೈ ತನ್ನಷ್ಟಕ್ಕೆ ಆ ಕೆಲಸ ಮಾಡಿತು.

ಸೈಕಲ್ಲನ್ನು ಆಮೇಲೆ ನಾನು ಜೋಡಿಸತೊಡಗಿದೆ. ಕೆಲಸದಿಂದ ಬಂದು ಎರಡು ನಟ್ಟು ಬಿಗಿಯುವಷ್ಟರಲ್ಲಿ ಸಾಕಾಗುತ್ತಿತ್ತು. ಐದು ತಿಂಗಳು ಹಿಡಿಯಿತು. ಪೇಪರಿನ ಸಾಲು ಮುಗಿಯುತ್ತ ಬಂದು ಬೆಲ್ಲಿನ ಬುಡ, ಸ್ಪ್ರಿಂಗು ಮಾತ್ರ ಉಳಿದವು. ಕಿಟಕಿ ನೋಡಿದೆ. ಆಗ ಶೂವಿನೊಳಗೆ ತುರುಕಿದ ಕಾಲುಚೀಲ ನೆನಪಾಯಿತು.

ಅತ್ತಿಗೆಗೆ ಫೋನ್ ಮಾಡಿದೆ.

"ಅವರ ಶೂ? ಪೆಟ್ಟಿಗೆ ಬಂದ ದಿನವೇ ಕೊಟ್ಟಾಯ್ತು. ಹೋದವರ ಕಾಲಿಂದು ಮನೇಲಿ ಇಡ್ಲಿಕ್ಕೆ ಆಗುದಿಲ್ಲ ಅಲ್ವಾ."

"ಯಾರಿಗೆ ಕೊಟ್ರಿ?"

"ಬಸ್‌ಸ್ಟ್ಯಾಂಡಲ್ಲಿ ಒಬ್ರಿಗೆ. ಹೆಸರು ಕೇಳ್ಲಿಲ್ಲ. ಯಾಕೆ, ಅದ್ರಲ್ಲಿ ಎಂತ ಇತ್ತು?"

"ಎಂತ ಇಲ್ಲ ಅತ್ತಿಗೆ. ಹಳೇ ಕಾಲುಚೀಲ."

ಕೆಳಗಿನ ಗಲ್ಲಿಯ ಸೈಕಲ್ ರಿಪೇರಿಯ ಮುದುಕ ಹೊಸ ಬೆಲ್ಲು ತೋರಿಸಿದ. ಬೇಡವೆಂದೆ.

ಈಗ ಖುಬ್ಬೂಸ್ ರೊಟ್ಟಿ ತರಲು ಅದರಲ್ಲೇ ಹೋಗುತ್ತೇನೆ. ಚೆನ್ನಾಗಿ ಓಡುತ್ತದೆ. ತಿರುವಿನಲ್ಲಿ ಜನ ಅಡ್ಡ ಬಂದರೆ ಬಾಯಲ್ಲೇ ಕೂಗುತ್ತೇನೆ. ಹ್ಯಾಂಡಲಿನ ಮೇಲೆ ಬುಡ ಇದೆ, ಸ್ಪ್ರಿಂಗು ಇದೆ. ಮುಚ್ಚಳ ಇಲ್ಲ.